ಕೂತಲ್ಲೇ ದೇಶ ಬದಲಾದ ಊರು

ನನ್ನ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾರ್ಡುಗಳಿವೆ. ಯುರೋಪಿನಲ್ಲಿ ವೇಗದ ರೈಲು ಹತ್ತಿ ಹೋಗಬಹುದಾದ ಊರುಗಳ ಬಗ್ಗೆ ನಾನೇ ಬರೆದ ಪ್ರಶ್ನೆಗಳು. ಒಂದು ಬದಿಗೆ ಪ್ರಶ್ನೆ, ಹಿಂದೆ ಉತ್ತರ. ಯುರೋಪಿಗೆ ನಾನು ಇನ್ನೂ ಕಾಲಿಟ್ಟಿಲ್ಲ. ಇಡುವ ಲಕ್ಷಣವೂ ಸದ್ಯಕ್ಕೆ ಕಾಣುತ್ತಿಲ್ಲ.

ನಮ್ಮ ಮನೆ ಹೂಸ್ಟನ್ನಿನ ಆಚೆ ಫುಲ್‌ಶೀರ್‌ನಲ್ಲಿದೆ. ಹೆಂಡತಿಯ ಕೆಲಸ ಹೂಸ್ಟನ್ನಿನಲ್ಲಿ, ನನ್ನದು ಡಲ್ಲಾಸಿನಲ್ಲಿ, ಮಗಳ ಓದು ಆಸ್ಟಿನ್ನಿನಲ್ಲಿತ್ತು. ಭಾನುವಾರ ಊಟ ಮುಗಿಸಿ ನಾನು ಡಲ್ಲಾಸಿಗೆ ಹೊರಟರೆ ಶುಕ್ರವಾರವೇ ವಾಪಸ್. ಒಂದು ದಿಕ್ಕಿಗೆ ನಾಲ್ಕೂವರೆ ಗಂಟೆಯ ಡ್ರೈವ್. ಈ ಎರಡು ಊರುಗಳ ನಡುವೆ ಬುಲೆಟ್ ರೈಲು ಬರುತ್ತದೆ ಎಂದು ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದ ಹೇಳುತ್ತಲೇ ಇದ್ದಾರೆ. ಮಗಳ ಡಿಗ್ರಿ ಮುಗಿಯಿತು, ರೈಲಿನ ಸುದ್ದಿ ಇನ್ನೂ ಸುದ್ದಿಯಾಗಿಯೇ ಇದೆ. ಅದಕ್ಕೇ ಇರಬೇಕು, ರೈಲಿರುವ ಊರುಗಳ ಮೇಲೆ ನನಗೆ ಆ ಪರಿಯ ಹುಚ್ಚು ಹತ್ತಿದ್ದು.

ಮಗಳ ಡಿಗ್ರಿ ಮುಗಿದ ಕೂಡಲೇ ಮೂವರೂ ಹೋಗುವುದೆಂದು ಗೊತ್ತುಮಾಡಿದ್ದೆವು. ಲಂಡನ್, ಪ್ಯಾರಿಸ್, ಸ್ಟ್ರಾಸ್‌ಬರ್ಗ್, ಕಲೋನ್, ಬ್ರಸೆಲ್ಸ್, ಎಲ್ಲವೂ ರೈಲಿನಲ್ಲೇ. ಪ್ರತಿ ಭಾನುವಾರ ಹೆದ್ದಾರಿಗೆ ಬಂದೊಡನೆ ಸ್ಪೀಕರಿನಲ್ಲಿ ಮಗಳಿಗೆ ಫೋನ್ ಮಾಡಿ, ಹೊರಡುವ ಮುಂಚೆ ನೋಡಿಟ್ಟುಕೊಂಡ ಪ್ರಶ್ನೆ ಕೇಳುತ್ತಿದ್ದೆ. ಪ್ಯಾರಿಸ್ಸಿಗೆ ರೈಲು ಹತ್ತಲು ಲಂಡನ್ನಿನಲ್ಲಿ ಜನ ಕಾಯುವ ಜಾಗ ಮೊದಲು ಏನಾಗಿತ್ತು? ಬಿಯರ್ ಪೀಪಾಯಿ ಇಡುವ ನೆಲಮಾಳಿಗೆ. ಕಂಬಗಳ ಅಂತರವನ್ನೂ ಪೀಪಾಯಿಯ ಅಳತೆಗೇ ಇಟ್ಟಿದ್ದರು. ಸಾವಿರಕ್ಕೂ ಹೆಚ್ಚು ಬಟ್ಟೆ ಇರುವ ಪುಟ್ಟ ಗೊಂಬೆ ಯಾವ ಊರಿನದು? ಬ್ರಸೆಲ್ಸಿನ ಬೀದಿಯಲ್ಲಿ ಬತ್ತಲೆ ನಿಂತು ಉಚ್ಚೆ ಹುಯ್ಯುವ ಕಂಚಿನ ಹುಡುಗ. ಇದನ್ನು ಕೇಳಿ ಅವಳು ನಕ್ಕಿದ್ದು ನನಗೆ ಇನ್ನೂ ನೆನಪಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಅವಳ ಮಾತನ್ನು ಹೆಚ್ಚಾಗಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಒಂದು ವಿಷಯವನ್ನು ಮಾತ್ರ ಆ ಫೋನಿನಲ್ಲಿ ನಾನು ಎತ್ತುತ್ತಿರಲಿಲ್ಲ. ಮಗಳು ಅಮೆರಿಕಕ್ಕೆ ಬಂದಾಗ ಎರಡು ವರ್ಷದವಳು. ಅವಳು ಇಲ್ಲಿದ್ದದ್ದು ನನ್ನ ವೀಸಾದ ಬಾಲ ಹಿಡಿದು. ಇಪ್ಪತ್ತೊಂದು ತುಂಬುವುದರೊಳಗೆ ನನ್ನ ಗ್ರೀನ್ ಕಾರ್ಡ್ ಸರದಿ ಬಂದರೆ ಅವಳಿಗೂ ಕಾರ್ಡು; ಬರದಿದ್ದರೆ ಅವಳು ನಮ್ಮ ಅರ್ಜಿಯಿಂದ ಹೊರಗೆ, ಬೇರೆ ವೀಸಾ ಇಲ್ಲದೆ ಇಲ್ಲಿರುವಂತಿಲ್ಲ. ಆ ವರ್ಷದ ಆಗಸ್ಟಿಗೆ ಅವಳಿಗೆ ಇಪ್ಪತ್ತೊಂದು ತುಂಬುವುದಿತ್ತು. ಸರದಿ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಯಾಕೆ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಅವಳು ಏಳೆಂಟು ವರ್ಷದವಳಿದ್ದಾಗ ನಾನು ಹೂಸ್ಟನ್ ಪಕ್ಕದ ಕ್ಲಿಯರ್ ಲೇಕಿನ ಒಂದು ಕಂಪನಿಯಲ್ಲಿದ್ದೆ. ಅವರು ನನ್ನ ಅರ್ಜಿ ಶುರುಮಾಡಿದ್ದರು. ಒಂದು ದಿನ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಮಾತನ್ನು ಅರ್ಧಕ್ಕೇ ತಡೆದು, ಪಕ್ಕದವನಿಗೆ, ಇವನು ಹೇಳಿದ್ದನ್ನು ಸ್ವಲ್ಪ ಅರ್ಥವಾಗುವ ಹಾಗೆ ಹೇಳು ಅಂದ. ಕೋಪ ನನಗೆ ಸದಾ ಮೂಗಿನ ತುದಿಯಲ್ಲೇ. ಬ್ಯಾಡ್ಜ್ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಮನೆಯಲ್ಲಿ ಹೆಂಡತಿ, "ಆರು ತಿಂಗಳು ತಡ್ಕೊಳಿ ಅಂದೆ ತಾನೆ? ಅದೊಂದು ಪೇಪರ್ ಅಪ್ರೂವ್ ಆಗಿದ್ರೆ ಕ್ಯೂನಲ್ಲಿ ನಮ್ಮ ಜಾಗ ಉಳೀತಿತ್ತು" ಅಂದಳು. ನನ್ನ ಮರ್ಯಾದೆಗಿಂತ ಪೇಪರ್ ದೊಡ್ಡದಾ ಎಂದು ಅವಳ ಮೇಲೇ ಹಾರಾಡಿದೆ. ಹೊಸ ಕಂಪನಿ ಮತ್ತೆ ಮೊದಲಿನಿಂದ ಶುರುಮಾಡಿತು, ಅದೂ ಎರಡು ವರ್ಷ ಕಳೆದ ಮೇಲೆ. ಅಂದು ನನ್ನ ಜೊತೆಯಲ್ಲೇ ಅರ್ಜಿ ಹಾಕಿದ್ದ ಗೆಳೆಯ ಬಾಯಿ ಮುಚ್ಚಿಕೊಂಡು ಅಲ್ಲೇ ಇದ್ದ. ಅವನಿಗೆ ಹೋದ ವರ್ಷ ಕಾರ್ಡು ಬಂತು, ಅವನ ಮಗನಿಗೂ ಬಂತು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಪ್ರಸಾದ ತಿಂದು ಬಂದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚಿನಲ್ಲಿ ವಕೀಲರು ಪ್ರವಾಸಕ್ಕೂ ಕಲ್ಲು ಹಾಕಿದರು. ನಮ್ಮ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಎಂದೋ ಮುಗಿದಿದೆ. ದೇಶದೊಳಗಿದ್ದರೆ ತೊಂದರೆಯಿಲ್ಲ, ಹೊರಗೆ ಹೋದರೆ ಒಳಗೆ ಬರಲು ಹೊಸ ಮುದ್ರೆ ಬೇಕು, ಅದು ಯಾವಾಗ ಸಿಗುತ್ತದೋ ಹೇಳಲಾಗದು, ಹೋಗಬೇಡಿ ಅಂದರು. ಹೆಂಡತಿ ಕೊಂಡಿದ್ದ ಹೊಸ ಸೂಟ್‌ಕೇಸುಗಳನ್ನು ಪ್ಲಾಸ್ಟಿಕ್ ಕವರಿನ ಸಮೇತ ಅಟ್ಟಕ್ಕೆ ಹಾಕಿದಳು. ನಾನು ಮಾತ್ರ ಕಾರ್ಡು ಬರೆಯುವುದನ್ನು ಬಿಡಲಿಲ್ಲ. ಭಾನುವಾರದ ಫೋನಿಗೆ ಏನಾದರೂ ಬೇಕಿತ್ತಲ್ಲ.

ಮೇ ತಿಂಗಳಲ್ಲಿ ಅವಳ ಡಿಗ್ರಿ ಸಮಾರಂಭ ಮುಗಿದ ಮೇಲೆ ಸಾಮಾನನ್ನೆಲ್ಲ ಆಸ್ಟಿನ್ನಿನಿಂದ ಮನೆಗೆ ಸಾಗಿಸಿ, ಮಾರನೆಯ ಮಧ್ಯಾಹ್ನ ಹೂಸ್ಟನ್ನಿನ ಭಾರತೀಯರ ಪೇಟೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ ದೋಸೆ ತಿನ್ನಲು ಹೋದೆವು. ನಾಲ್ಕು ವರ್ಷದ ಓದನ್ನು ಅವಳು ಮೂರೇ ವರ್ಷದಲ್ಲಿ ಮುಗಿಸಿದ್ದಳು. ಜಾಣೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಇಷ್ಟೇಕೆ ಅವಸರ ಎಂದು ಒಂದು ದಿನವೂ ಕೇಳಿರಲಿಲ್ಲ. ದೋಸೆ ಬರುವುದು ತಡವಾಯಿತು. ಜೇಬಿನಿಂದ ಹೊಸ ಕಾರ್ಡು ತೆಗೆದೆ.

"ಪುಟ್ಟಿ, ಹೇಳು ನೋಡಣ. ಒಬ್ಬ ಅಜ್ಜಿ ತನ್ನ ಮನೆ ಬಿಟ್ಟು ಕದಲಲೇ ಇಲ್ಲ, ಆದ್ರೂ ಅವಳ ದೇಶ ನಾಲ್ಕು ಸಲ ಬದಲಾಯ್ತು. ಯಾವೂರು?"

"ಸ್ಟ್ರಾಸ್‌ಬರ್ಗ್" ಅಂದಳು, ಯೋಚಿಸದೆ. ಒಮ್ಮೆ ಫ್ರಾನ್ಸ್, ಒಮ್ಮೆ ಜರ್ಮನಿ, ಯುದ್ಧ ಗೆದ್ದವರು ಊರನ್ನು ಎಳೆದುಕೊಳ್ಳುತ್ತ ಹೋದರು ಎಂದು ನಾನು ವಿವರಿಸಲು ಶುರುಮಾಡಿದೆ. ಅವಳು ತಡೆದಳು.

"ಅಪ್ಪ, ನನಗೆ ಅಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ಹೋಗ್ತೀನಿ."

ಇಲ್ಲೇ ಸ್ಟೂಡೆಂಟ್ ವೀಸಾ ಮಾಡಿಸಬಹುದು, ವಕೀಲರನ್ನು ಕೇಳಿದ್ದೇನೆ, ಯಾರನ್ನು ಕೇಳಿ ಅಪ್ಲೈ ಮಾಡಿದೆ ಎಂದು ದನಿ ಏರಿಸಿದೆ. ಪಕ್ಕದ ಮೇಜಿನ ಆಂಟಿಯೊಬ್ಬರು ತಿರುಗಿ ನೋಡಿದರು. ಹೆಂಡತಿ, "ರೀ, ಮೆಲ್ಲಗೆ" ಎಂದು ನನ್ನ ಮೊಣಕೈ ಹಿಡಿದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು.

ಮಗಳು ದನಿ ಏರಿಸಲಿಲ್ಲ. "ಇಲ್ಲಿ ಮತ್ತೆ ಫಾರ್ಮ್ ತುಂಬಿ, ಓದು ಮುಗಿದ ತಕ್ಷಣ ವಾಪಸ್ ಹೋಗ್ತೀನಿ ಅಂತ ಬರೆದುಕೊಡಬೇಕು ಅಪ್ಪ. ಎಲ್ಲಿಗೆ ವಾಪಸ್? ನನ್ನ ರೂಮ್ ಫುಲ್‌ಶೀರ್‌ನಲ್ಲಿದೆ. ಅಲ್ಲಾದರೆ ನಾನು ನಿಜವಾಗಿಯೂ ಹೊರಗಿನವಳು. ಅದನ್ನ ಸಹಿಸಬಹುದು" ಅಂದಳು. ದೋಸೆ ಬಂತು. ಮೂವರೂ ತಿಂದೆವು.

ಆ ಬೇಸಿಗೆಯಿಡೀ ಅವಳು ಮನೆಯಲ್ಲೇ ಇದ್ದಳು, ಫ್ರೆಂಚ್ ಕಲಿಯುತ್ತ. ನಾನು ವಾರಕ್ಕೆ ಎರಡು ದಿನ ಮನೆಯಲ್ಲಿದ್ದು ಅವಳ ಎದುರು ಮುಖ ಊದಿಸಿಕೊಂಡು ಓಡಾಡಿದೆ. ಹೇಳಬೇಕಾದದ್ದನ್ನು ಹೇಳಲೆಂದೇ ಅವಳ ರೂಮಿನ ಬಾಗಿಲಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ಬಾಯಿಂದ ಬಂದದ್ದು ಪ್ರಶ್ನೆಯೇ. ಕಲೋನಿನ ರೈಲ್ವೆ ಸ್ಟೇಷನ್ ಪಕ್ಕದ ದೊಡ್ಡ ಚರ್ಚಿನ ಅರ್ಧ ಕಟ್ಟಿದ ಗೋಪುರದ ಮೇಲೆ ಒಂದು ಕ್ರೇನ್ ಎಷ್ಟು ವರ್ಷ ಸುಮ್ಮನೆ ನಿಂತಿತ್ತು, ಗೊತ್ತಾ? ಸುಮಾರು ನಾನೂರು ವರ್ಷ. "ನಮ್ಮ ಫೈಲಿನ ಹಾಗೆ" ಅಂದಳು ಒಂದು ಸಲ. ಹೆಂಡತಿ ನಕ್ಕಳು. ನನಗೆ ನಗಲಾಗಲಿಲ್ಲ.

ಹುಟ್ಟುಹಬ್ಬಕ್ಕೆ ಇನ್ನೂ ಆರು ದಿನವಿರುವಾಗ ಅವಳು ಹೊರಟಳು. ಏರ್‌ಪೋರ್ಟಿನ ದಾರಿಯಲ್ಲಿ ನಾನು ಡ್ರೈವ್ ಮಾಡುತ್ತಿದ್ದೆ, ಅವಳು ಪಕ್ಕದಲ್ಲಿ, ಹೆಂಡತಿ ಹಿಂದೆ. ಟೋಲ್ ರಸ್ತೆಯಲ್ಲಿ ಹೇಳಿಬಿಟ್ಟೆ. ಮೀಟಿಂಗು, ಬ್ಯಾಡ್ಜು, ಆರು ತಿಂಗಳು, ಗೆಳೆಯನ ಕಾರ್ಡು, ಎಲ್ಲವನ್ನೂ. "ನಾನು ಅವತ್ತು ಸುಮ್ನಿದ್ದಿದ್ರೆ ನೀನು ಇವತ್ತು ಹೋಗ್ಬೇಕಾಗಿರ್ಲಿಲ್ಲ. ತಪ್ಪು ನಂದು ಪುಟ್ಟಿ" ಅಂದೆ. ಕಣ್ಣು ಮಂಜಾಗಿ ಮುಂದಿನ ಕಾರು ಕಾಣದಾಯಿತು, ವೇಗ ತಗ್ಗಿಸಿದೆ.

"ಗೊತ್ತು" ಅಂದಳು ಮಗಳು. "ನನಗೆ ಹದಿನಾರಿದ್ದಾಗ ಅಮ್ಮ ಹೇಳಿದಳು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಪ್ರತಿ ಭಾನುವಾರ ಫೋನ್ ಎತ್ತುವಾಗಲೂ ಇವತ್ತು ಹೇಳ್ತಾನೆ ಅಂದುಕೊಳ್ತಿದ್ದೆ. ನೀನು ಬಿಯರ್ ಪೀಪಾಯಿ ಬಗ್ಗೆ ಕೇಳ್ತಿದ್ದೆ."

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಕೋಪವಿದೆ ಎಂದೂ ಹೇಳಲಿಲ್ಲ. ಸೆಕ್ಯುರಿಟಿ ಸಾಲಿನಲ್ಲಿ ಒಮ್ಮೆ ತಿರುಗಿ ಕೈ ಎತ್ತಿದಳು. ಇನ್ನು ಅವಳು ಈ ಮನೆಗೆ ಬರಬೇಕೆಂದರೆ ಟೂರಿಸ್ಟ್ ವೀಸಾ ಬೇಕು. ನಾವು ಅಲ್ಲಿಗೆ ಹೋದರೆ ಇಲ್ಲಿಗೆ ಮರಳಿ ಬರುತ್ತೇವೆಂಬ ಖಾತ್ರಿಯಿಲ್ಲ.

ಭಾನುವಾರದ ಫೋನ್ ನಿಂತಿಲ್ಲ. ನಾನು ಹೊರಡುವ ಹೊತ್ತಿಗೆ ಅವಳಿಗೆ ರಾತ್ರಿ ಊಟ ಆಗಿರುತ್ತದೆ. ಈಗ ನಾನು ಪ್ರಶ್ನೆ ಕೇಳುವುದಿಲ್ಲ. ಊಟ ಏನು, ಚಳಿ ಎಷ್ಟು, ಅಷ್ಟೇ. ಹೋದ ವಾರ ಅವಳೇ ಕೇಳಿದಳು.

"ಅಪ್ಪ, ಒಂದು ಪ್ರಶ್ನೆ. ನಿನ್ನೆ ನಾನು ಶಾಂಪೂ ತರಲು ಎಲ್ಲಿಗೆ ಹೋಗಿದ್ದೆ?"

ಗೊತ್ತಿಲ್ಲ ಅಂದೆ.

"ಜರ್ಮನಿಗೆ. ಟ್ರಾಮ್ ಹತ್ತಿದರೆ ನದಿ ದಾಟಿ ಆ ಕಡೆಯ ಊರು, ಅಲ್ಲಿ ಎಲ್ಲ ಅಗ್ಗ. ಇಲ್ಲಿಯವರೆಲ್ಲ ಹೋಗುತ್ತಾರೆ. ಶಾಂಪೂ ತಗೊಂಡು ವಾಪಸ್ ಬಂದೆ." ಆಮೇಲೆ ಸೇರಿಸಿದಳು, "ಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ ಅಪ್ಪ."

ಎದುರಿಗೆ ಡಲ್ಲಾಸಿನ ದಾರಿ, ಎರಡೂ ಬದಿಗೆ ಒಣಗಿದ ಹುಲ್ಲು, ಮುಂದೆ ಸಾಲು ಟ್ರಕ್ಕುಗಳು. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಯಾವಾಗ ಬರ್ತೀಯ ಪುಟ್ಟಿ?"

ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು. "ನೀನೇ ಬಾ ಅಪ್ಪ. ಪ್ಯಾರಿಸ್ಸಿಂದ ಟ್ರೇನಲ್ಲಿ ಎರಡು ಗಂಟೆನೂ ಇಲ್ಲ."

ಅದು ನನ್ನ ಕಟ್ಟಿನ ಮೊದಲ ಕಾರ್ಡಿನ ಉತ್ತರ. ಅವಳಿಗೆ ಅದನ್ನು ಹೇಳಿಕೊಟ್ಟವನು ನಾನೇ.