ನೆಂಟರಿಲ್ಲದ ಊರಿನ ಟೈರು

ಕಾರಿನ ಟೈರು ಸವೆದರೆ ಬೇರೆಯವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಅಂಗಡಿಗೆ ಹೋಗಿ ಹೊಸದು ಹಾಕಿಸಿಕೊಂಡು ಬರುತ್ತಾರೆ ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದು ಅಷ್ಟು ಸುಲಭಕ್ಕೆ ಮುಗಿಯುವ ಕೆಲಸವಲ್ಲ. ಯಾರ ಅಂಗಡಿಗೆ ಹೋದರೆ ಯಾರಿಗೆ ಬೇಜಾರು, ಯಾರಿಗೆ ಹೆಚ್ಚು ಬೇಜಾರು ಎಂಬುದೆಲ್ಲ ಮೊದಲು ಇತ್ಯರ್ಥವಾಗಬೇಕು. ಟೈರನ್ನು ನೋಡುವುದು ಕಟ್ಟಕಡೆಗೆ, ಅದೂ ಪುರುಸೊತ್ತಿದ್ದರೆ.

ನಾನು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಇರುವುದು ಕೋಲಾರದಲ್ಲಿ. ಮಗಳು ನನ್ನ ಸ್ಕೂಲಿನಲ್ಲೇ ಎಂಟನೇ ಕ್ಲಾಸು ಓದುತ್ತಾಳೆ. ದಿನಾ ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹೋಗಿ ಸಂಜೆ ವಾಪಸು ಬರುತ್ತೇವೆ. ನಮ್ಮ ಯಜಮಾನರ ಆಫೀಸು ಮನೆಯ ಹತ್ತಿರವೇ. ಸ್ಕೂಟರಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಕಾರಿನ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳಲು ಓಡಿಸುವುದು ಬರಬೇಕು ಎಂದು ಯಾವ ಕಾನೂನಿದೆ ಹೇಳಿ.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸುತ್ತಿದ್ದಾಗ ನಾನೇ ಬಗ್ಗಿ ನೋಡಿದೆ. ಟೈರಿನ ಗೆರೆಗಳೆಲ್ಲ ಮಾಯವಾಗಿ ಒಳಗಿನ ನೂಲು ಕಾಣಿಸತೊಡಗಿತ್ತು. ಮನೆಗೆ ಬಂದು, "ರೀ, ನಾಲ್ಕೂ ಟೈರು ಬದಲಾಯಿಸಬೇಕು, ನಾಳೆನೇ," ಅಂದೆ. ಅವರು ಪೇಪರು ಮಡಿಚಿಟ್ಟು, "ಬದಲಾಯಿಸೋದು ದೊಡ್ಡ ವಿಷಯ ಅಲ್ಲ ಕಣೇ, ಎಲ್ಲಿ ಅಂತ ಯೋಚನೆ ಮಾಡಬೇಕು," ಅಂದರು. ಆ ಯೋಚನೆ ಸಂಕ್ರಾಂತಿಯ ತನಕ ನಡೆಯಿತು.

ಕಾರಣ ಇಷ್ಟೆ. ನಮ್ಮ ಯಜಮಾನರ ಅಕ್ಕನ ಗಂಡನಿಗೆ ಕೋಲಾರದಲ್ಲೇ ಟೈರಂಗಡಿ ಇದೆ. ಅವರನ್ನು ನಾನು ಅಣ್ಣಾ ಎನ್ನುತ್ತೇನೆ. ನನ್ನ ಒಡಹುಟ್ಟಿದ ತಮ್ಮನಿಗೂ ಟೈರಂಗಡಿಯೇ, ಮುಳಬಾಗಿಲು ದಾಟಿದ ಮೇಲೆ ನಂಗಲಿಯಲ್ಲಿ, ಹೈವೇ ಪಕ್ಕಕ್ಕೆ. ಅವನದು ಹೆಚ್ಚಾಗಿ ಲಾರಿಗಳ ವ್ಯಾಪಾರ. ಕೋಲಾರದಲ್ಲಿ ಕೊಂಡರೆ ತವರಿನವರು ಮುಖ ಊದಿಸಿಕೊಳ್ಳುತ್ತಾರೆ, ನಂಗಲಿಯಲ್ಲಿ ಕೊಂಡರೆ ಅಕ್ಕ ಬಂದು ನಮ್ಮ ಹಜಾರದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಎರಡನ್ನೂ ನೋಡಿ ಬಲ್ಲವರು ನಮ್ಮ ಯಜಮಾನರು.

"ಏನಮ್ಮಾ, ಮನೇಲೇ ಅಂಗಡಿ ಇಟ್ಕೊಂಡು ಗಡಿ ತನಕ ಹೋಗ್ತೀರಂತೆ?" ಎಂದು ಕೋಲಾರದ ಅಣ್ಣ ಫೋನು ಮಾಡಿದರು. ನಾವು ಇನ್ನೂ ಎಲ್ಲಿಗೂ ಹೋಗಿರಲಿಲ್ಲ. ಅದೇ ಸಂಜೆ ತಮ್ಮನೂ ಫೋನು ಮಾಡಿ, "ಬಿಡಕ್ಕಾ, ನಮ್ದು ಲಾರಿ ಅಂಗಡಿ, ನಿಮ್ಮಂಥೋರು ಯಾಕೆ ಬರ್ತೀರಾ," ಅಂದ. ಅವನು ಹಾಗೆ ಬಿಡಕ್ಕಾ ಅಂದರೆ ಮೂರು ತಲೆಮಾರಿಗೂ ಬಿಡುವುದಿಲ್ಲ ಎಂದು ಅರ್ಥ.

ಕೊನೆಗೆ ಇಬ್ಬರ ಹತ್ತಿರವೂ ಎರಡೆರಡು ಕೊಳ್ಳೋಣ ಎಂದು ಯಜಮಾನರು ಹೇಳಿದಾಗ, ಅಬ್ಬಾ, ಇವರಿಗೂ ಬುದ್ಧಿ ಇದೆ ಅಂದುಕೊಂಡೆ. ಮುಂದಕ್ಕೆ ಎರಡು ಒಂದೇ ತರಹ, ಹಿಂದಕ್ಕೆ ಎರಡು ಒಂದೇ ತರಹ ಇದ್ದರೆ ಗಾಡಿಗೇನೂ ತೊಂದರೆಯಿಲ್ಲ. ತೊಂದರೆ ಇದ್ದದ್ದು ಹಿಂದೆ ಮುಂದೆ ಎಂಬ ಮಾತಿನಲ್ಲಿ. ಯಾರದು ಮುಂದೆ, ಯಾರದು ಹಿಂದೆ? ಮಗಳನ್ನು ಕೊಟ್ಟ ಮನೆಯನ್ನು ಹಿಂದಕ್ಕೆ ಹಾಕೋದಾ ಅಂತ ಅಕ್ಕ ಕೇಳಿದರಂತೆ. ಸೊಸೆಯನ್ನು ತಂದ ಮನೆ ಮಾತ್ರ ಹಿಂದಿರಬೇಕಾ ಎಂದು ನನ್ನ ತಮ್ಮ ಕೇಳಿದ. ಟೈರು ಹಿಂದಿದ್ದರೂ ಕಾರಿನ ಜೊತೆಗೇ ಊರು ತಲುಪುತ್ತದೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆಗ ನಮ್ಮತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ತೀರ್ಪು ಕೊಟ್ಟರು. "ಯಾಕೆ ಕಿತ್ತಾಡ್ತೀರಾ? ಮದುವೆ ಮಂಟಪದಾಗೆ ಹೆಂಗೆ, ಗಂಡಿನ ಕಡೆಯೋರು ಒಂದು ಪಕ್ಕ, ಹೆಣ್ಣಿನ ಕಡೆಯೋರು ಒಂದು ಪಕ್ಕ. ಬಲಗಡೆ ಎರಡು ಗಾಲಿಗೆ ಅವರದು, ಎಡಗಡೆ ಎರಡು ಗಾಲಿಗೆ ಇವರದು ಹಾಕಿಸಿ. ಇಬ್ರಿಗೂ ಒಂದು ಮುಂದೆ ಸಿಕ್ತು, ಒಂದು ಹಿಂದೆ ಸಿಕ್ತು."

ಇಡೀ ಮನೆ ಹೌದಲ್ಲಾ ಎಂದು ತಲೆದೂಗಿತು. ಯಜಮಾನರ ಮುಖದಲ್ಲಿ ನಮ್ಮ ಮದುವೆಯ ದಿನವೂ ನಾನು ಅಷ್ಟು ನೆಮ್ಮದಿ ಕಂಡಿರಲಿಲ್ಲ. ವಿಜ್ಞಾನದ ಮೇಡಮ್ಮಾದ ನಾನು ಬಾಯಿ ತೆಗೆದು, ಎಡಕ್ಕೆ ಬಲಕ್ಕೆ ಬೇರೆ ಬೇರೆ ಹಾಕಬಾರದು, ಗಾಡಿ ಒಂದು ಕಡೆ ಎಳೆಯುತ್ತದೆ ಎಂದು ಹೇಳಿದೆ. "ಪಾಠ ಸ್ಕೂಲಲ್ಲಿ ಮಾಡು ಕಣೇ," ಅಂದರು ಯಜಮಾನರು ನಗುತ್ತಾ. ಅವರು ಹಾಗೆ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಕೋಲಾರದಲ್ಲಿ ಬಲಗಡೆಯ ಶಾಸ್ತ್ರ ಮುಗಿಯಿತು. ಅಣ್ಣ ಗಾಲಿಗಳಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಇಟ್ಟು, ಟೀ ಕುಡಿಸಿ ಕಳಿಸಿದರು. ಅಲ್ಲಿಂದ ಹೈವೇ ಹಿಡಿದು ನಂಗಲಿಗೆ ಹೋದೆವು. ತಮ್ಮನ ಅಂಗಡಿಯಲ್ಲಿ ನಮ್ಮ ಸೈಜಿನದು ಇರಲಿಲ್ಲ. ಇದ್ದದ್ದು ಅದಕ್ಕಿಂತ ಒಂದು ಕೈ ದೊಡ್ಡದು, ಸಾಮಾನು ಸಾಗಿಸುವ ಗಾಡಿಗಳಿಗೆ ಹಾಕುವಂಥದು. "ಪರವಾಲೇದಕ್ಕಾ," ಅಂದ ಅವನು. ಗಡಿಯವನು, ಅರ್ಧ ಮಾತು ತೆಲುಗು. "ಸ್ವಲ್ಪ ದಪ್ಪ ಇದ್ರೆ ಗಟ್ಟಿ ಇರ್ತದೆ. ನನ್ನಕ್ಕನ ಗಾಡಿಗೆ ಸಣ್ಣದು ಹಾಕಿ ಕಳಿಸ್ಲಾ?" ಅವನ ಪ್ರೀತಿ ಯಾವತ್ತೂ ಅಳತೆಗಿಂತ ದೊಡ್ಡದೇ. ಅವನೂ ನಿಂಬೆಹಣ್ಣು ಇಟ್ಟ.

ಸೋಮವಾರ ಸ್ಟೇರಿಂಗು ಹಿಡಿದರೆ ಕಾರು ಬಲಕ್ಕೆ ಎಳೆಯುತ್ತಿದೆ. ಬಲಗಡೆಯ ಗಾಲಿ ಸಣ್ಣದು, ಎಡಗಡೆಯದು ದೊಡ್ಡದು, ಇನ್ನೇನು ಮಾಡೀತು? ನನ್ನ ತವರು ನೂಕುತ್ತಿತ್ತು, ಗಂಡನ ಮನೆ ಎಳೆದುಕೊಳ್ಳುತ್ತಿತ್ತು, ನಡುವೆ ನಾನು ಹಲ್ಲು ಕಚ್ಚಿಕೊಂಡು ಸ್ಟೇರಿಂಗು ತಿರುಗಿಸಿ ಹಿಡಿದಿರುತ್ತಿದ್ದೆ. ಬಲಕ್ಕೆ ಎಂದರೆ ಎದುರಿನಿಂದ ಗಾಡಿಗಳು ಬರುವ ಕಡೆಗೆ. ಶ್ರೀನಿವಾಸಪುರದ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಎದುರಿಗೆ ಬರುವವೆಲ್ಲ ಟೊಮೇಟೊ ತುಂಬಿಕೊಂಡು ಕೋಲಾರದ ಮಂಡಿಗೆ ಹಾರುವ ಟೆಂಪೋಗಳು. ಹರಾಜು ತಪ್ಪೀತೆಂಬ ಧಾವಂತ ಡ್ರೈವರುಗಳಿಗೆ.

ಕೋಲಾರದ ಅಣ್ಣನಿಗೆ ಹೇಳಿದೆ. "ನಮ್ಮ ಟೈರು ಚೊಕ್ಕವಾಗಿದೆಯಮ್ಮಾ, ನಿಮ್ಮ ತಮ್ಮ ಲಾರಿ ಟೈರು ಹಾಕವ್ನೆ," ಅಂದರು. ತಮ್ಮನಿಗೆ ಹೇಳಿದೆ. "ನಮ್ದು ಬಂಡೆ ಇದ್ದಂಗಿದೆ ಅಕ್ಕಾ, ಕೋಲಾರದ್ದೇ ಕುಳ್ಳ," ಅಂದ. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು, ಅದರಿಂದ ನನಗೆ ಏನೂ ಉಪಯೋಗವಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಕೈ ನೋಯುತ್ತಿದೆ, ಭಯವಾಗುತ್ತಿದೆ, ಎರಡನ್ನಾದರೂ ಬಿಚ್ಚಿಸಿ ಅಂದೆ.

ಅವರು ತುತ್ತು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. "ಯಾರದು ಬಿಚ್ಚಿಸಿದ್ರೂ ತಪ್ಪಾಗುತ್ತೆ ಕಣೇ. ನೀನು ಸ್ವಲ್ಪ ಎಡಕ್ಕೆ ಹಿಡ್ಕೊಂಡೇ ಓಡಿಸು. ಅಭ್ಯಾಸ ಆಗುತ್ತೆ."

ಅಭ್ಯಾಸ ಆಯಿತು. ನನಗಷ್ಟೇ ಅಲ್ಲ. ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಹೋಗುತ್ತಿದ್ದೆವು. ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಕನ್ನಡಕದ ಮೇಲೆ ಏನೋ ಕೂತಿತ್ತು, ಒರೆಸಿಕೊಳ್ಳಲು ಒಂದು ಕೈ ಬಿಟ್ಟೆ, ಅಷ್ಟೆ. "ಅಮ್ಮಾ, ಎಡಕ್ಕೆ ಹಿಡ್ಕೋ," ಅಂದಳು ಮಗಳು ಪುಸ್ತಕದಿಂದ ತಲೆಯೆತ್ತಿ, ನೀರು ಕೊಡು ಎನ್ನುವಷ್ಟು ಸಮಾಧಾನದಲ್ಲಿ. ನೋಡಿದರೆ ನಾವು ರಸ್ತೆಯ ಆ ಮಗ್ಗುಲಿನಲ್ಲಿದ್ದೇವೆ, ಕಣ್ಣೆದುರಿಗೆ ಟೆಂಪೋದ ಮೂತಿ. ಸ್ಟೇರಿಂಗು ಹೇಗೆ ತಿರುಗಿಸಿದೆನೋ ದೇವರಿಗೇ ಗೊತ್ತು. ಟೆಂಪೋದವನು ತೆಲುಗಿನಲ್ಲಿ ನಮ್ಮ ವಂಶವನ್ನೆಲ್ಲ ಬೈದುಕೊಂಡು ಹೋದ.

ಏರಿಯ ಪಕ್ಕಕ್ಕೆ ನಿಲ್ಲಿಸಿದೆ. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು ನನಗೆ. ಸ್ಕೂಲಿಗೆ ಹೋಗುವ ಹುಡುಗಿ ಪಾಠ ಕಲಿಯಬೇಕು. ನನ್ನ ಮಗಳು ಇಬ್ಬರು ದೊಡ್ಡಮನುಷ್ಯರ ಮರ್ಯಾದೆ ಉಳಿಸಲು ಅಮ್ಮನ ಕೈಯ ಮೇಲೆ ಕಣ್ಣಿಡುವುದನ್ನು ಕಲಿತಿದ್ದಳು.

ಆ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಮಗಳನ್ನು ಮನೆಯಲ್ಲಿ ಇಳಿಸಿ, ಸೀದಾ ಮಾಲೂರಿಗೆ ಹೋದೆ. ಮಾಲೂರು ಯಾಕೆಂದರೆ ಅಲ್ಲಿ ನಮಗೆ ಯಾರೂ ನೆಂಟರಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ, ಇಲ್ಲೇ ಮದುವೆಯಾದವಳಿಗೆ ಇಂಥ ಊರು ಸಿಗುವುದು ಪುಣ್ಯ. ಮೊದಲು ಕಂಡ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವನು ಕಾರಿನೊಳಗೆ ಇಣುಕಿ, "ಸರ್ ಬರಲಿಲ್ವಾ ಮೇಡಂ?" ಅಂದ. ಇಲ್ಲ ಅಂದೆ. "ಫೋನಲ್ಲಾದ್ರೂ ಒಂದು ಮಾತು ಕೇಳಿಬಿಡಿ, ಆಮೇಲೆ ಸರ್ ಬಂದು ಬೈತಾರೆ." ಸರ್‌ಗೆ ಟೈರು ಎಷ್ಟಿರುತ್ತವೆ ಅಂತಲೂ ಗೊತ್ತಿಲ್ಲ, ನೀವು ಹಾಕಿ ಅಂದೆ. ಅವನು ಎಡಗಡೆ ನೋಡಿದ, ಬಲಗಡೆ ನೋಡಿದ. "ಇದ್ಯಾವನು ಹಾಕಿದ್ದು ಮೇಡಂ?" ಅಂದ. ಬಾಯಿಗೆ ಬೀಗ ಹಾಕಿಕೊಂಡೆ. ಗಾಲಿ ಬಿಚ್ಚುತ್ತಾ ಬಿಚ್ಚುತ್ತಾ, "ನಿಮ್ಮದು ಯಾವೂರು? ಯಾರ ಮನೆ?" ಎಂದು ಶುರುಮಾಡಿದಾಗ ಮಾತ್ರ ಎದೆ ಝಲ್ಲೆಂದಿತು. ಇನ್ನೆರಡು ಪ್ರಶ್ನೆ ಕೇಳಿದ್ದರೆ ಅವನು ಯಾವುದಾದರೂ ಚಿಕ್ಕಪ್ಪನ ಅಳಿಯನಾಗಿ ಬಿಡುತ್ತಿದ್ದ. "ನಮ್ಮದು ಬಿಜಾಪುರದ ಕಡೆ," ಎಂದು ಸುಳ್ಳು ಹೇಳಿದೆ. ನನ್ನ ಭಾಷೆ ಕೇಳಿ ಅವನು ನಂಬಲಿಲ್ಲ, ಆದರೆ ಸುಮ್ಮನಾದ. ನಾಲ್ಕೂ ಒಂದೇ ಕಂಪನಿಯದು, ಒಂದೇ ಸೈಜಿನದು ಹಾಕಿ, ಗಾಲಿಗಳನ್ನು ಮಿಶಿನ್ನಿನಲ್ಲಿ ಸರಿಮಾಡಿಸಿ ಕೊಟ್ಟ. ಹಳೆಯವನ್ನು ಅವನೇ ಇಟ್ಟುಕೊಂಡ. ವಾಪಸು ಬರುವಾಗ ಕಾರು ಹಿಡಿದ ಕಡೆಗೇ ಹೋಗುತ್ತಿತ್ತು. ದಾರಿಯುದ್ದಕ್ಕೂ ಹಾಡು ಹಾಕಿಕೊಂಡು ಬಂದೆ.

ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಯುಗಾದಿಯ ದಿನ ಎಣ್ಣೆಸ್ನಾನಕ್ಕೆ ಮೊದಲು ಕಾರು ತೊಳೆಯಲು ಹೋದ ಯಜಮಾನರು ಪೈಪು ಹಿಡಿದುಕೊಂಡೇ ಒಳಗೆ ಬಂದರು. "ಇದು ಯಾವಾಗ?" ಹೋದ ಶನಿವಾರ ಅಂದೆ. "ಎಲ್ಲಿ?" ಮಾಲೂರು. "ಮಾಲೂರಲ್ಲಿ ನಮಗ್ಯಾರಿದಾರೆ?" ಯಾರೂ ಇಲ್ಲ ಅಂದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಯಾಕೆ ಎಂದು ಕೇಳಿದರೆ ಏರಿಯ ಮೇಲೆ ನಡೆದದ್ದನ್ನು ಹೇಳೋಣ ಎಂದು ಕಾದೆ. ಅವರು ಕೇಳಿದ್ದು, "ನಾಳೆ ಹೊಸತೊಡಕಿನ ಬಾಡೂಟಕ್ಕೆ ಇಬ್ಬರೂ ಬರ್ತಾರಲ್ಲ, ಏನು ಮಾಡೋದು?" ಎಂದು.

ಏನು ಮಾಡಿದರೆಂದರೆ, ಮಾರನೆಯ ದಿನ ನಾನು ಒಳಗೆ ಮಟನ್ನಿಗೆ ಖಾರ ರುಬ್ಬುತ್ತಿದ್ದಾಗ ಇವರು ಹೊರಗೆ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿಕೊಂಡು, ಹಿಂದಿನ ದಿನ ತೊಳೆದ ಕಾರಿನ ಟೈರುಗಳಿಗೆ ಕೈಯಲ್ಲಿ ಬಳಿಯುತ್ತಾ ಕೂತಿದ್ದರು. ಹಬ್ಬದ ಹೊಸ ಅಂಗಿ, ಪಂಚೆ. ಮೂರು ಟೈರು ಮುಗಿಸಿ ನಾಲ್ಕನೆಯದಕ್ಕೆ ಬಂದಿದ್ದರು. "ಹೆಸರು ಕಾಣದಂಗೆ ಮಾಡಿಬಿಟ್ರೆ ಯಾರಿಗೂ ಗೊತ್ತಾಗಲ್ಲ," ಅಂದರು, ನನ್ನ ಮುಖ ನೋಡದೆ.

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. ಅವತ್ತು ಆಗಲಿಲ್ಲ. ನೂಲು ಕಾಣಿಸಿದಾಗ ಈ ಮನುಷ್ಯ ಆ ಗಾಲಿಯ ಹತ್ತಿರ ಒಂದು ಸಲವೂ ಬಗ್ಗಿರಲಿಲ್ಲ. "ನಾನೂ ನಿಮ್ಮ ಮಗಳೂ ಟೊಮೇಟೊ ಟೆಂಪೋ ಅಡೀಲಿ ಸಿಕ್ಕಿ ಸಾಯ್ತಿದ್ವಿ ರೀ, ಕೆರೆ ಏರಿ ಮೇಲೆ," ಅಂದೆ. ಕೂಗಾಡಲಿಲ್ಲ, ಸಾಧಾರಣವಾಗಿಯೇ ಹೇಳಿದೆ.

ಅವರು ಕೂತಲ್ಲೇ ಕೂತರು. ಕೈಯಿಂದ ಕೆಸರು ಪಂಚೆಯ ಮೇಲೆ ಸೋರುತ್ತಿತ್ತು. ಅಷ್ಟರಲ್ಲಿ ಕೋಲಾರದ ಅಣ್ಣನ ಗಾಡಿ ಗೇಟಿನ ಮುಂದೆ ನಿಂತಿತು. ಅಣ್ಣ ಒಳಗೆ ಬಂದು, ಮಣ್ಣು ಬಳಿಯದೆ ಉಳಿದಿದ್ದ ಬಲಗಡೆಯ ಟೈರಿನ ಕಡೆ ನೋಡಿ, "ಇದೇನೋ ಇದು, ನಮ್ಮ ಅಂಗಡಿ ಮಾಲು ಅಲ್ವಲ್ಲ?" ಅಂದರು. ಇವರು ಎದ್ದು ನಿಂತರು. ಏನು ಕಥೆ ಕಟ್ಟುತ್ತಾರೋ ನೋಡೋಣ ಎಂದು ನಾನು ನಿಂತೇ ಇದ್ದೆ.

"ಅಲ್ಲ ಭಾವ. ಇವಳು ತೆಗೆಸಿ ಹಾಕಿದಳು, ಒಳ್ಳೇದು ಮಾಡಿದಳು," ಅಂದರು.

ಅಣ್ಣ ಮುಖ ಗಂಟು ಹಾಕಿಕೊಂಡು, ಒಂದು ಲೋಟ ನೀರನ್ನೂ ಕುಡಿಯದೆ ಹೋದರು. ಸುದ್ದಿ ದಾರಿಯಲ್ಲೇ ತಲುಪಿರಬೇಕು, ನನ್ನ ತಮ್ಮ ಮುಳಬಾಗಿಲಿನ ತನಕ ಬಂದವನು ಅಲ್ಲಿಂದಲೇ ವಾಪಸಾದ. ಮಟನ್ನು ಪೂರ್ತಿ ಉಳಿಯಿತು. ಅತ್ತೆ ಪಾತ್ರೆ ಮುಚ್ಚುತ್ತಾ ಗೊಣಗುತ್ತಲೇ ಇದ್ದರು.

ಸಂಜೆ ಯಜಮಾನರು ಕಾರಿನ ಹತ್ತಿರ ನಿಂತು, "ಎಲ್ಲಿ ಅಂತ ತೋರಿಸು, ಬಾ," ಅಂದರು. ಇಬ್ಬರೇ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಏರಿಯ ಮೇಲೆ ನಿಲ್ಲಿಸಿ, ಇಲ್ಲಿ ಅಂದೆ. ಇಳಿದು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ನೋಡಿದರು, ಕೆಳಗೆ ನೀರಿನ ಕಡೆ ನೋಡಿದರು. "ಎಷ್ಟು ಹತ್ತಿರ ಬಂದಿತ್ತು?" ಅಂದರು.

ನಾನು ಎರಡು ಕೈಯನ್ನೂ ಎತ್ತಿ, ಇಷ್ಟು ಎಂದು ತೋರಿಸಿದೆ. ನಿಜಕ್ಕೂ ಅಷ್ಟು ಅಂತರವೂ ಇರಲಿಲ್ಲ, ಅವರ ಮುಖ ನೋಡಿ ಸ್ವಲ್ಪ ಜಾಸ್ತಿಯೇ ತೋರಿಸಿದ್ದೆ.