ಹಿಗಾ ಸಾನ್ ಕೊಟ್ಟ ಹೆಸರು

ನಮ್ಮ ಬಾಲ್ಕನಿಯ ತಂತಿಯ ಮೇಲೆ, ಅರಿಸಿನದ ಕಲೆ ಬಿಡದ ನನ್ನ ಎರಡು ಏಪ್ರನ್‌ಗಳ ನಡುವೆ, ವಾರಕ್ಕೊಮ್ಮೆ ಒಂದು ಹೂವಿನ ಲಂಗ ಒಣಗುತ್ತದೆ. ಕೆಂಪು ಬಟ್ಟೆ, ಅದರ ತುಂಬ ಅಂಗೈಯಗಲದ ಬಿಳಿ ಹೂವು, ಸೊಂಟಕ್ಕೆ ನಾಲ್ಕು ಸಾಲು ಎಲಾಸ್ಟಿಕ್. ಫೋಟೋದಲ್ಲಿ ನೋಡಿದ ನಮ್ಮ ಮಂದಿ ಇದನ್ನು ಜಪಾನಿನ ಉಡುಪು ಅಂದುಕೊಳ್ಳುತ್ತಾರೆ. ಅಲ್ಲ, ಅದು ಹವಾಯಿ ದ್ವೀಪದ ಹೂಲಾ ಕುಣಿತದ ಲಂಗ. ಹೊಲಿದದ್ದು ನಾವಿರುವ ಜಪಾನಿನ ಎಡೋಗಾವಾದಲ್ಲಿ, ಉಡುವವಳು ನನ್ನ ಜೊತೆ ಮುಂಡರಗಿಯಿಂದ ಬಂದ ನನ್ನ ಹೆಂಡತಿ ಶೈಲಾ.

ನಾನು ಸ್ಟೇಷನ್ ಹತ್ತಿರದ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆ ಮಾಡುತ್ತೇನೆ. ಮೊದಲ ವರ್ಷ ನಾನು ಕೆಲಸಕ್ಕೆ ಹೋದಮೇಲೆ ಶೈಲಾ ಗೋಡೆಗಳ ಜೊತೆ ಮಾತಾಡಿಕೊಂಡಿದ್ದಳು ಎಂದರೆ ತಪ್ಪಾಗಲಾರದು. ಮೇಲಿನ ಮಹಡಿಯ ಮೈಸೂರಿನ ರೂಪಾ ಒಂದು ದಿನ ಅವಳನ್ನು ವಾರ್ಡಿನ ಸಮುದಾಯ ಭವನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹನ್ನೆರಡು ಜಪಾನಿ ಅಜ್ಜಿಯರು ಹೂವಿನ ಲಂಗ ಉಟ್ಟು ಸಾಲಾಗಿ ನಿಂತಿದ್ದರಂತೆ, ಎದುರಿಗೆ ಅವರಿಗೆಲ್ಲ ಕಲಿಸುವ ಹಿಗಾ ಸಾನ್. ಸಾನ್ ಎಂದರೆ ಇಲ್ಲಿ ಹೆಸರಿನ ಕೊನೆಗೆ ಗೌರವಕ್ಕೆ ಹಚ್ಚುವ ಮಾತು. ಎಪ್ಪತ್ತು ದಾಟಿದವರು. ಹುಟ್ಟಿದ್ದು ಹವಾಯಿಯಲ್ಲಿ. ತಂದೆಯ ಕಡೆಯವರು ಕಬ್ಬು ಕಡಿಯಲು ಒಕಿನಾವಾದಿಂದ ಅಲ್ಲಿಗೆ ಹೋದವರು, ತಾಯಿಯ ಕಡೆಯವರು ಆ ದ್ವೀಪದ ಮೂಲದ ಜನ. ಮದುವೆಯಾಗಿ ಇಲ್ಲಿಗೆ ಬಂದವರು ಇಲ್ಲಿಯೇ ಉಳಿದರು. ಹೂಲಾದಲ್ಲಿ ಕಾಲು ತಾಳ ಹಾಕುತ್ತದೆ, ಕೈ ಕಥೆ ಹೇಳುತ್ತದೆ. ಜಪಾನಿ ಬಾರದ ಶೈಲಾಗೆ ಕೈಯಲ್ಲಿ ಮಾತಾಡುವ ಒಂದು ಜಾಗ ಸಿಕ್ಕಿತು ನೋಡಿ.

ಹೆರಿಗೆಯ ದಿನ ಹತ್ತು ದಿನ ಮೊದಲೇ ಬಂತು. ನಾನು ತಂದೂರಿನ ಮುಂದೆ, ನನ್ನ ಫೋನು ಲಾಕರಿನಲ್ಲಿ. ಅತ್ತೆಗೆ ಊರಿನಿಂದ ಬರಲು ಆಗಿರಲಿಲ್ಲ. ಶೈಲಾ ಹಿಗಾ ಸಾನ್‌ಗೆ ಫೋನ್ ಮಾಡಿದಳು. ಅವರು ಟ್ಯಾಕ್ಸಿ ತಂದರು, ಒಂಬತ್ತು ಗಂಟೆ ಅವಳ ಪಕ್ಕ ಕೂತರು, ಡಾಕ್ಟರ್ ಹೇಳಿದ್ದನ್ನು ಅವಳಿಗೆ ತಿಳಿಯುವ ಚಿಕ್ಕಚಿಕ್ಕ ಜಪಾನಿ ಮಾತು ಮಾಡಿ ಹೇಳಿದರು. ನಾನು ಏದುಸಿರು ಬಿಡುತ್ತ ಹೋದಾಗ ನನ್ನ ಮಗಳನ್ನು ನನ್ನ ಕೈಗೆ ಇಟ್ಟವರೂ ಅವರೇ.

ಇಲ್ಲಿ ಮಗು ಹುಟ್ಟಿದ ಹದಿನಾಲ್ಕು ದಿನದೊಳಗೆ ವಾರ್ಡ್ ಕಚೇರಿಗೆ ಹೆಸರು ಬರೆದು ಕೊಡಬೇಕು. ನಮ್ಮಲ್ಲಿ ಹದಿಮೂರನೇ ದಿನ ತೊಟ್ಟಿಲು. ಒಂದು ದಿನದ ಅಂತರದಲ್ಲಿ ಎರಡು ದೇಶಗಳೂ ಒಪ್ಪಿದಂತಾಯಿತು. ಹವಾಯಿಯ ಹೆಸರೇ ಇಡಬೇಕು ಎಂದು ಶೈಲಾ ಹಟ ಹಿಡಿದಾಗ ರೂಪಾ ಫೋನಿನಲ್ಲಿ ಒಂದು ಪಟ್ಟಿ ತೆಗೆದುಕೊಂಡು ಬಂದರು.

"ನಾನಿ ಅಂತ ಇದೆ ನೋಡಿ ಶೈಲಾ. ಬ್ಯೂಟಿಫುಲ್ ಅಂತ ಮೀನಿಂಗ್. ಎಷ್ಟು ಸ್ವೀಟಾಗಿದೆ."

ಇಲ್ಲಿಯೇ ಹುಟ್ಟಿ ಬೆಳೆದ ಅವರ ಆರು ವರ್ಷದ ಮಗಳು ಕಿಸಕ್ಕನೆ ನಕ್ಕಳು. "ಮಮ್ಮಿ, ಜಪಾನೀಸ್‌ನಲ್ಲಿ ನಾನಿ ಅಂದ್ರೆ ವಾಟ್. ಟೀಚರ್ ಕರೆದ್ರೆ ಎಲ್ಲಾರೂ ವಾಟ್ ವಾಟ್ ಅಂತಾರೆ."

"ಕೈ ಅಂತಿದೆ. ಸಮುದ್ರ," ಎಂದರು ರೂಪಾ.

ನಾನು ತಡೆಯಲಾರದೆ ಬಾಯಿ ಹಾಕಿದೆ. "ಊರಿಗೆ ಹೋದ್ರ ಕೈ ಬಂತು, ಕೈ ಬಂತು ಅಂತಾರ. ಎರಡನೇದು ಹುಟ್ಟಿದ್ರ ಕಾಲು ಅಂತ ಇಡೋದೇನು?"

"ನೀವು ಸುಮ್ನ ಒಗ್ಗರಣಿ ಹಾಕ್ರಿ," ಎಂದಳು ಶೈಲಾ. ಆಮೇಲೆ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದಳು: "ನನಗ ಪಟ್ಟಿಯೊಳಗಿನ ಹೆಸರು ಬ್ಯಾಡ. ಹಿಗಾ ಸಾನ್‌ದ ಹವಾಯಿ ಹೆಸರು ಐತೆಲ್ರಿ, ಅದನ್ನ ಇಡೂಣು."

ಅವರಿಗೆ ಅಂಥದೊಂದು ಹೆಸರಿದೆ. ಉದ್ದದ್ದು, ಹೇಳಿದರೆ ನೀರು ಹರಿದ ಹಾಗೆ ಕೇಳುತ್ತದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ; ಯಾಕೆ ಎಂದು ನಿಮಗೇ ತಿಳಿಯುತ್ತದೆ.

ಏಳನೆಯ ದಿನ ಹಿಗಾ ಸಾನ್ ಮಗುವನ್ನು ನೋಡಲು ಬಂದರು. ಅವರ ಮುಂದೆ ಚಹಾ ಮತ್ತು ಅಂಟಿನ ಉಂಡೆ ಇಟ್ಟು, ನನಗೆ ಬರುವಷ್ಟು ಜಪಾನಿಯಲ್ಲಿ, ದೊಡ್ಡ ಸುದ್ದಿ ಹೇಳುವವನ ಹಾಗೆ ಹೇಳಿದೆ: ನಮ್ಮ ಮಗಳಿಗೆ ನಿಮ್ಮದೇ ಹೆಸರು. ಅವರು ಲೋಟ ಕೆಳಗಿಟ್ಟರು. ಅದು ಸಂತೋಷಕ್ಕೆ ಎಂದು ತಿಳಿದು ನಾನು ಇನ್ನೊಂದು ಉಂಡೆ ಬಡಿಸಿದೆ. ಎಂಥ ದಡ್ಡತನ ನೋಡಿ.

ಅವರು ಶೈಲಾಳ ಕಡೆ ತಿರುಗಿ ಮತ್ತೆ ಚಿಕ್ಕಚಿಕ್ಕ ಮಾತಿನಲ್ಲಿ, ನಿಧಾನವಾಗಿ ಹೇಳಿದರು. ಆ ಹೆಸರು ಇಟ್ಟವರು ಅವರ ಅಜ್ಜಿ. ಆ ಅಜ್ಜಿಗೆ ಅದು ಬಂದದ್ದು ತಮ್ಮ ಅಜ್ಜಿಯಿಂದ. ಅದರಲ್ಲಿ ಅವರ ಮನೆತನದ ಕಣಿವೆ ಇದೆ, ಆ ಕಣಿವೆಯಲ್ಲಿ ಬೆಳಗಿನ ಹೊತ್ತು ಬೀಸುವ ಒಂದು ಗಾಳಿ ಇದೆ. "ಹೆಸರು ನನ್ನದಲ್ಲ. ನಾನು ಅದರಲ್ಲಿ ವಾಸ ಇದ್ದೇನೆ, ಅಷ್ಟೆ." ಹಿಂದೆ ಒಬ್ಬ ಶಿಷ್ಯೆ ಗೌರವಕ್ಕೆಂದೇ ಆ ಹೆಸರನ್ನು ಉಗುರಿಗೆ ಬಣ್ಣ ಹಚ್ಚುವ ತನ್ನ ಅಂಗಡಿಗೆ ಇಟ್ಟಿದ್ದಳಂತೆ. ಆ ಬೋರ್ಡು ಕಣ್ಣಿಗೆ ಬೀಳದಿರಲಿ ಎಂದು ಎರಡು ವರ್ಷ ಇವರು ಒಂದು ಸ್ಟೇಷನ್ ಮೊದಲೇ ಇಳಿದು ನಡೆದು ಹೋಗುತ್ತಿದ್ದರು. ಇಷ್ಟು ಹೇಳಿ, ಎದ್ದು, ತಲೆ ಬಾಗಿಸಿ, "ಸುಮಿಮಾಸೆನ್" ಎಂದು ಹೊರಟರು. ಕ್ಷಮೆ ಕೇಳಬೇಕಾದವನು ನಾನು, ಕೇಳಿದವರು ಅವರು.

ಬಾಗಿಲು ಮುಚ್ಚಿದ ಮೇಲೆ ಶೈಲಾ ಅತ್ತಳು. "ಕದ್ದಂಗಾತಲ್ರಿ. ಇನ್ನ ನಮ್ಮನಿಗೆ ಅವ್ರು ಬರಂಗಿಲ್ಲ."

ನನಗೂ ಅದೇ ಭಯ. ಹೆಸರು ಹೋದರೆ ಇನ್ನೊಂದು ಸಿಗುತ್ತದೆ. ಈ ಊರಿನಲ್ಲಿ ನನ್ನ ಹೆಂಡತಿಗೆ ತಾಯಿಯಂಥವರು ಇನ್ನೊಬ್ಬರು ಎಲ್ಲಿ ಸಿಗಬೇಕು?

ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಹೆಸರಿನೊಳಗೆ ಹಿರಿಯರು ಇರುತ್ತಾರೆ ಎಂಬುದು ನನಗೆ ಹೊಸ ವಿಷಯವೇನಲ್ಲ. ನನ್ನ ಅಕ್ಕನಿಗೆ ತೀರಿಹೋದ ಅಜ್ಜಿಯ ಹೆಸರು, ಬಸಲಿಂಗವ್ವ. ಅತ್ತೆಯ ಹೆಸರು ಎತ್ತಬಾರದೆಂದು ನನ್ನ ಅವ್ವ ಒಮ್ಮೆಯೂ ಆ ಹೆಸರಿನಿಂದ ಮಗಳನ್ನು ಕರೆಯಲಿಲ್ಲ. "ಅತ್ತೀ, ಮೂಗು ಒರಸ್ಕೊಳ್ಳವಾ," ಎಂದು ಮೂರು ವರ್ಷದ ಹುಡುಗಿಯನ್ನು ಕರೆಯುತ್ತಿದ್ದಳು. ಅಕ್ಕ ಶಾಲೆಗೆ ಹೋದ ಮೊದಲ ದಿನ ಮಾಸ್ತರು ಮೂರು ಸಲ ಬಸಲಿಂಗವ್ವ ಎಂದು ಕೂಗಿದರೂ ಏಳಲಿಲ್ಲ. ಮನೆಗೆ ಬಂದು, ಯಾರೋ ಬಸಲಿಂಗವ್ವ ಅನ್ನೋ ಹುಡುಗಿ ಇವತ್ತು ಬಂದಿರಲಿಲ್ಲ ಎಂದು ವರದಿ ಒಪ್ಪಿಸಿದಳು. ಅಂಥ ಮನೆಯಲ್ಲಿ ಹುಟ್ಟಿದ ನಾನು, ಇನ್ನೊಬ್ಬರ ಅಜ್ಜಿಯ ಹೆಸರನ್ನು ಉಂಡೆಯ ಜೊತೆ ಬಡಿಸಲು ಹೋಗಿದ್ದೆ.

ನಮ್ಮ ಕಡೆ ತೊಟ್ಟಿಲಿನ ದಿನ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅಂದರೆ ನನ್ನ ಅಕ್ಕನದು. ನಾನೊಬ್ಬನೇ ತಮ್ಮ, ನನಗಿದು ಮೊದಲ ಕೂಸು. ಆಕೆ ವರ್ಷಗಟ್ಟಲೆ ಕಾದಿದ್ದಳು. ಫೋನಿನಲ್ಲಿ ಎಲ್ಲ ಹೇಳಿದೆ.

"ಅಲ್ಲೋ ತಮ್ಮಾ, ಆಕಿ ಉಟ್ಟ ಸೀರಿ ಬಿಚ್ಚಿ ಕೊಡು ಅಂದಂಗಾತು."

"ಗೊತ್ತಾಗ್ಲಿಲ್ಲ ಅಕ್ಕಾ. ಈಗೇನ್ ಮಾಡ್ಲಿ?"

"ನಾ ಅಲ್ಲಿಗೆ ಬರಾಕ ಆಗಂಗಿಲ್ಲ. ಫೋನಿನಾಗ ಕುರ್ರ್ ಅಂದ್ರ ಕೂಸಿನ ಕಿವಿಗೆ ಕಚಗುಳಿ ಆಗ್ತೈತೇನು? ಆಕೀನ ಸೋದರತ್ತಿ ಮಾಡು. ಆಕಿ ಹೆಸರು ಬೇಡಬ್ಯಾಡ. ಆಕಿಗೆ ಯಾವ್ದು ಹೇಳಬೇಕು ಅನಸ್ತೈತಿ ಅದನ್ನ ಹೇಳ್ಲಿ." ಫೋನು ಇಡುವ ಮೊದಲು, "ಕುಲಾವಿ ಮಾತ್ರ ನಂದ ಹಾಕ್ರಿ. ಹೊಲದು ಕಳಿಸೀನಿ," ಎಂದಳು.

ಮರುದಿನ ಸಮುದಾಯ ಭವನದ ಹೊರಗೆ, ಚಪ್ಪಲಿ ಗೂಡಿನ ಪಕ್ಕ, ತರಗತಿ ಮುಗಿಯುವವರೆಗೆ ನಿಂತೆ. ಹಿಗಾ ಸಾನ್ ಬಂದಾಗ ತಲೆ ಬಾಗಿಸಿ ಕ್ಷಮೆ ಕೇಳಿದೆ. ಆಮೇಲೆ ಸೋದರತ್ತೆ ಎಂದರೇನು ಎಂದು ಕೈ ಬಾಯಿ ಎರಡರಲ್ಲೂ ವಿವರಿಸಿದೆ.

"ಈ ಹಕ್ಕು ನನಗೆ ಕೊಟ್ಟವರು ಯಾರು?" ಎಂದು ಕೇಳಿದರು.

"ನನ್ನ ಅಕ್ಕ."

"ಅವರಿಗೆ ಬೇಸರ ಇಲ್ಲವೇ?"

ಇಲ್ಲ ಎನ್ನುವುದು ಸುಲಭವಿತ್ತು. "ಇದೆ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಚೀಲದಿಂದ ಡೈರಿ ತೆಗೆದು ಹದಿಮೂರನೇ ದಿನದ ತಾರೀಖಿನ ಮುಂದೆ ಏನೋ ಬರೆದುಕೊಂಡರು. ದ್ವೀಪದಲ್ಲಿರುವ ಅಣ್ಣನನ್ನು ಕೇಳಬೇಕು, ಎಂದರು. ಅವರ ಮನೆಯಲ್ಲಿ ಒಬ್ಬರೇ ಹೆಸರಿಡುವ ಪದ್ಧತಿ ಇಲ್ಲವಂತೆ.

ಹದಿಮೂರನೇ ದಿನ, ತೊಟ್ಟಿಲಿಲ್ಲದೆ, ಬಟ್ಟೆಯ ಬುಟ್ಟಿಗೆ ಶೈಲಾಳ ಇಳಕಲ್ ಸೀರೆ ಹಾಸಿದೆವು. ಹಿಂದಿನ ದಿನವಷ್ಟೇ ಬಂದ ಅಕ್ಕನ ಹಸಿರು ಕುಲಾವಿ, ಕೂಸಿನ ಟೋಪಿ, ಮಗಳ ಹುಬ್ಬಿನವರೆಗೆ ಇಳಿಯುತ್ತಿತ್ತು. ರೈಸ್ ಕುಕ್ಕರಿಗೆ ಒರಗಿಸಿದ ಫೋನಿನಲ್ಲಿ ಅಕ್ಕ. ಹಿಗಾ ಸಾನ್ ತಂದಿದ್ದ ಎಲೆಯ ಮಾಲೆಯನ್ನು ಬುಟ್ಟಿಯ ಹಿಡಿಕೆಗೆ ಕಟ್ಟಿದರು. ಸೋದರತ್ತೆ ಬಗ್ಗಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಎಪ್ಪತ್ತರ ಹಿರಿಯರನ್ನು ಗುದ್ದಲು ರೂಪಾಗೆ ಕೈ ಬರಲಿಲ್ಲ.

"ಜೋರ ಗುದ್ದವಾ," ಎಂದು ಮುಂಡರಗಿಯಿಂದ ಅಕ್ಕನ ಗದರಿಕೆ ಬಂತು. "ಸೋದರತ್ತಿ ಬೆನ್ನದು, ಏನಾಗಂಗಿಲ್ಲ."

ಹಿಗಾ ಸಾನ್ ನಗುತ್ತಲೇ ಬಗ್ಗಿ ಕುರ್ರ್ ಎಂದರು. ಆಮೇಲೆ ನಗು ನಿಲ್ಲಿಸಿ ಕಿವಿಯಲ್ಲಿ ಹೇಳಿದರು. ಎದ್ದು ನಿಂತು ನಮಗೂ ಹೇಳಿದರು: ಮಾಲಿಯೆ. ಶಾಂತ, ಮೆಲ್ಲಗೆ ಎಂಬ ಅರ್ಥ. ದ್ವೀಪದ ಅಣ್ಣನೂ ಒಪ್ಪಿದ್ದಾರಂತೆ. "ಇದು ಎಲ್ಲರ ಮಾತು. ಅಲೆ ಇಲ್ಲದ ಸಮುದ್ರಕ್ಕೂ ಹೇಳುತ್ತೇವೆ, ಕೈ ಬೀಸುವಾಗ ಅವಸರ ಮಾಡುವ ಶೈಲಾಗೂ ಹೇಳುತ್ತೇನೆ."

ಮರುದಿನ ವಾರ್ಡ್ ಕಚೇರಿಯ ಹುಡುಗಿ ಅರ್ಜಿ ನೋಡಿ, "ಮರಿಯೆ?" ಎಂದಳು. ಅವರಲ್ಲಿ ಅಂಥದೊಂದು ಹೆಸರಿದೆ, ನಮ್ಮಲ್ಲಿ ಅದು ಮುದ್ದಿನ ಮಾತು. ಆದರೂ ನಾನು ಮೊದಲ ಅಕ್ಷರದ ಮುಂದಿನ ದೀರ್ಘದ ಗೆರೆಯನ್ನು ಬೆರಳಿಟ್ಟು ತೋರಿಸಿದೆ. ನನ್ನ ಹೆಸರು ನಾಗಪ್ಪ. ರೇಷನ್ ಕಾರ್ಡಿನಲ್ಲಿ ಯಾರೋ ದೀರ್ಘ ಬಿಟ್ಟು ನಗಪ್ಪ ಎಂದು ಬರೆದಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿಯುವ ತನಕ, ಅಂಗಡಿಯವನು ನಗಪ್ಪಾ ನಗು ಎಂದು ಯಾಕೆ ಅನ್ನುತ್ತಾನೆ ಎಂದೇ ನನಗೆ ಗೊತ್ತಿರಲಿಲ್ಲ. ಹುಡುಗಿ ಇನ್ನೊಮ್ಮೆ ನೋಡಿ, "ಮಾರಿಯೆ ಸಾನ್," ಎಂದು ತಿದ್ದಿಕೊಂಡಳು. ಲಕಾರ ಅವರ ನಾಲಿಗೆಗೆ ಬಾರದು, ದೀರ್ಘ ಬಂತು, ಸಾಕು.

ಮಾಲಿಯೆ ಎನ್ನಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ ನೋಡಿ. ತೊಟ್ಟಿಲಿನ ದಿನ ಹಿಗಾ ಸಾನ್ ಅದಕ್ಕಿಂತ ಬಹಳ ಹೊತ್ತು ಬಗ್ಗಿದ್ದರು. ಉದ್ದದ್ದೇನನ್ನೋ ಹೇಳುವಂತೆ ಅವರ ತುಟಿ ಆಡುತ್ತಿದ್ದುದನ್ನು ನಾನು ನೋಡಿದೆ, ಫೋನಿನಲ್ಲಿ ಅಕ್ಕನೂ ನೋಡಿದ್ದಳು. "ಮತ್ತೇನ ಹೇಳಿದ್ಲೋ ಆಕಿ?" ಎಂದು ಅವತ್ತೇ ಸಂಜೆ ಕೇಳಿದಳು. ಬುಟ್ಟಿಯ ಪಕ್ಕದಲ್ಲೇ ಇದ್ದವಳು ಶೈಲಾ. ಅವಳ ಕಡೆ ನೋಡಿದೆ. ಅವಳು ಹಸಿರು ಕುಲಾವಿಯ ದಾರ ಬಿಚ್ಚುತ್ತ, "ನನಗೇನು ಕೇಳಸ್ಲಿಲ್ಲ," ಎಂದಳು. ನಮ್ಮ ಮಾತಿನಲ್ಲಿ ಕೇಳುವುದು ಎಂದರೆ ಬೇಡುವುದೂ ಹೌದು, ಆಲಿಸುವುದೂ ಹೌದು. ನಾನು ಮತ್ತೆ ಕೇಳಲಿಲ್ಲ. ಮಗಳು ಮಾತ್ರ ಇನ್ನೂ ಆ ಕಿವಿಯನ್ನೇ ಮೇಲೆ ಮಾಡಿಕೊಂಡು ಮಲಗಿದ್ದಳು.