ಮೇಜಿನ ಬಲತುದಿಯಲ್ಲಿ ಕೂತವನು

ಆ ಮ್ಯೂಸಿಯಂಗೆ ನಾವು ಹೋದದ್ದು ಕಲೆಯ ಹಂಬಲದಿಂದಲ್ಲ, ನನಗೆ ಶೌಚಾಲಯ ಬೇಕಾಗಿತ್ತು. ಐವತ್ತು ದಾಟಿದ ಮೇಲೆ ಯಾವ ಊರಿಗೆ ಹೋದರೂ ನಾನು ಮೊದಲು ಹುಡುಕುವುದು ಅದನ್ನೇ. ಬಹ್ರೇನ್‌ನಿಂದ ಚರ್ಚಿನ ಗುಂಪಿನ ಜೊತೆ ಇಟಲಿಗೆ ಯಾತ್ರೆ ಹೋಗಿದ್ದೆವು. ಒಂದು ಮಧ್ಯಾಹ್ನ ಬಿಡುವು ಸಿಕ್ಕಿದ್ದೇ ಉಳಿದವರೆಲ್ಲ ಚರ್ಮದ ಚೀಲದ ಅಂಗಡಿಗಳಿಗೆ ನುಗ್ಗಿದರು. ನಾನೂ ಹೆಂಡತಿಯೂ ಒಂದು ಇಕ್ಕಟ್ಟಿನ ಬೀದಿಯಲ್ಲಿ ನಡೆಯುತ್ತಿದ್ದಾಗ ನನಗೆ ಅವಸರವಾಯಿತು. ಎದುರಿಗೇ ತೆರೆದ ಬಾಗಿಲೊಂದು ಕಂಡಿತು. ಹಿಂದೆ ಅದು ಸಿಸ್ಟರುಗಳ ಮಠವಾಗಿತ್ತಂತೆ. ಈಗ ಸಿಸ್ಟರುಗಳಿಲ್ಲ, ರೆನೆಸಾನ್ಸ್ ಕಾಲದ ಒಂದಷ್ಟು ಭಿತ್ತಿಚಿತ್ರಗಳು ಮಾತ್ರ ಉಳಿದಿವೆ.

ಒಳಗೆ ಹೋಗುವಾಗ ಬಲಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು.

"ಬಾಗಿಲು ಐನೂರು ವರ್ಷದಿಂದ ಅಲ್ಲೇ ಉಂಟು ಮಾರಾಯ್ರೇ," ಅಂದಳು ಹೆಂಡತಿ. "ನೀವೇ ಹೊಸಬರು."

ಅವಳು ಮನಾಮಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ಕಾಯಿಲೆಗಳನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಗಿದೆ. ತಪ್ಪು ಅವಳದ್ದಲ್ಲ. ಗ್ಯಾಸ್ ಆದದ್ದಕ್ಕೆ ಹೃದಯಾಘಾತ ಅಂತ ಎಮರ್ಜೆನ್ಸಿಗೆ ಓಡಿದವನು ನಾನು. ಬೀಟ್‌ರೂಟ್ ಪಲ್ಯ ತಿಂದ ಮರುದಿನ ಮೂತ್ರ ಕೆಂಪಾದದ್ದಕ್ಕೆ ಕಿಡ್ನಿ ಹೋಯಿತೆಂದು ಅವಳ ಡ್ಯೂಟಿಯ ನಡುವೆ ಫೋನ್ ಮಾಡಿದವನು. "ನಿಮಗೆ ಬಾರದೆ ಉಳಿದದ್ದು ಹೆರಿಗೆ ನೋವು ಒಂದೇ," ಎಂದು ಅವಳು ನೆಂಟರ ಮುಂದೆಯೇ ಹೇಳುತ್ತಾಳೆ.

ಆ ವರ್ಷ ಜುಫೈರಿನ ನಮ್ಮ ಆಫೀಸಿನ ನೆಲಮಾಳಿಗೆಯಲ್ಲಿ ಕಾರು ಕಂಬಕ್ಕೆ ಹಲವು ಸಲ ಉಜ್ಜಿತ್ತು. ಬಹ್ರೇನಿನಲ್ಲಿ ಸ್ಟಿಯರಿಂಗ್ ಎಡಕ್ಕೆ, ಗೀರುಗಳೆಲ್ಲ ಬಲಗಡೆ, ಅವಳು ಕೂರುವ ಬದಿಗೆ. "ನನ್ನ ಮೇಲೆ ಸಿಟ್ಟಿದ್ದರೆ ಬಾಯಲ್ಲಿ ಹೇಳಿ," ಅಂದಿದ್ದಳು. ಪ್ರಪಂಚದ ಎಲ್ಲದಕ್ಕೂ ಹೆದರುವ ನಾನು ಅದಕ್ಕೊಂದಕ್ಕೆ ಮಾತ್ರ ಹೆದರಿರಲಿಲ್ಲ. ಕಂಬ ನಿಲ್ಲಿಸಿದವನಿಗೆ ಬೈದು ಸುಮ್ಮನಾಗಿದ್ದೆ.

ಶೌಚಾಲಯದ ಕೆಲಸ ಮುಗಿಸಿ ಬಂದರೆ ಅವಳು ಉದ್ದನೆಯ ಒಂದು ಕೋಣೆಯಲ್ಲಿ ನಿಂತಿದ್ದಳು. ಸಿಸ್ಟರುಗಳು ಮಾತಿಲ್ಲದೆ ಕೂತು ಊಟ ಮಾಡುತ್ತಿದ್ದ ಜಾಗ ಅದು. ಕೊನೆಯ ಗೋಡೆಯ ತುಂಬ ಯೇಸುವಿನ ಕಡೆಯ ಭೋಜನ. ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಊಟದ ಮೇಜಿನ ಮೇಲ್ಗಡೆ ಈ ಚಿತ್ರ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಸನದ್‌ನ ನಮ್ಮ ಫ್ಲ್ಯಾಟಿನಲ್ಲೂ ಇದೆ, ಗಡಿಯಾರ ಸಮೇತ.

"ಪಾಪ," ಅಂದಳು ಹೆಂಡತಿ. "ಗಂಡಸರ ಸಹವಾಸವೇ ಬೇಡ ಅಂತ ಇಲ್ಲಿಗೆ ಬಂದವರು. ದಿನಾ ಊಟಕ್ಕೆ ಕೂತರೆ ಎದುರಿಗೆ ಹದಿಮೂರು ಜನ."

ನಾನು ಕಟ್ಟಡದ ಕಂಪೆನಿಯಲ್ಲಿ ಎಸ್ಟಿಮೇಟರ್. ನಕ್ಷೆ ನೋಡಿ ಎಷ್ಟು ಗಾರೆ, ಎಷ್ಟು ಕಲ್ಲು ಎಂದು ಲೆಕ್ಕ ಹಾಕುವುದೇ ಅನ್ನದ ದಾರಿ. ಹಾಗಾಗಿ ನನಗೆ ಮೊದಲು ಕಂಡದ್ದು ಯೇಸುವಲ್ಲ, ತೇವ. ಗೋಡೆಯ ಬುಡದಿಂದ ನೀರು ಏರಿತ್ತು. ಹಸಿ ಗಾರೆಗೆ ಹಚ್ಚಿದ ಬಣ್ಣ ಅಲ್ಲಲ್ಲಿ ಗಾರೆಯ ಸಮೇತ ಉದುರಿತ್ತು, ಆ ಜಾಗಗಳಿಗೆ ಮಾಸಲು ಬೂದುಬಣ್ಣ ಬಳಿದು ಬಿಟ್ಟಿದ್ದರು. ಮೇಜುಬಟ್ಟೆಯ ಮೇಲೆ ಚೆರಿ ಹಣ್ಣುಗಳು ಮಾತ್ರ ಇವತ್ತು ಬೆಳಿಗ್ಗೆ ತಂದಿಟ್ಟ ಹಾಗಿದ್ದವು.

ಅವಳು ನಗತೊಡಗಿದಳು. "ಆ ಬಲತುದಿಯವನನ್ನು ನೋಡಿ. ಕೆನ್ನೆಗೆ ಕೈ ಕೊಟ್ಟು ಕೂತಿದ್ದಾನೆ. ಊಟ ಮುಟ್ಟಿಲ್ಲ. ಎಲ್ಲರೂ ಗುರುವಿನ ಕಡೆ ನೋಡಿದರೆ ಇವನು ಬಾಗಿಲ ಕಡೆ ನೋಡ್ತಿದ್ದಾನೆ. ಸಾಕ್ಷಾತ್ ನೀವೇ."

"ಯಾರು?"

"ಬಲತುದಿಯವನು."

ನೋಡಿದೆ. "ಅಲ್ಲಿ ಎಂತ ಉಂಟು? ಗಾರೆ ಬಿದ್ದು ಹೋಗಿದೆ."

"ತಮಾಷೆ ಬೇಡ."

"ತಮಾಷೆ ಅಲ್ಲ. ಬೂದುಬಣ್ಣ ಬಳಿದಿದ್ದಾರೆ ನೋಡು. ಅದರಾಚೆಗೆ ಗೋಡೆ."

ಅವಳ ನಗು ಅರ್ಧಕ್ಕೆ ನಿಂತಿತು. ಹತ್ತಿರ ಬಂದು ನನ್ನ ಗಲ್ಲ ಹಿಡಿದು ಮುಖವನ್ನು ಬಲಕ್ಕೆ ತಿರುಗಿಸಿದಳು, ಮಕ್ಕಳ ಮುಖ ಒರೆಸುವಾಗ ತಿರುಗಿಸುವ ಹಾಗೆ. ಬೂದುಬಣ್ಣ ಇದ್ದಲ್ಲಿ ಹಸಿರು ಅಂಗಿಯೊಂದು ಬಂತು. ಆಮೇಲೆ ಕೈ, ಕೈಯ ಮೇಲೆ ಕೆನ್ನೆ. ನಿಜವಾಗಿ ನನ್ನ ಹಾಗೇ ಇದ್ದ.

ಕಣ್ಣು ಕಾಣದಿದ್ದರೆ ಕಪ್ಪಾಗುತ್ತದೆ ಎಂದುಕೊಂಡಿದ್ದೆ. ಕಪ್ಪಾಗುವುದಿಲ್ಲ. ಕಾಣದ ಜಾಗಕ್ಕೆ ಕಣ್ಣು ಪಕ್ಕದಲ್ಲಿರುವ ಬಣ್ಣವನ್ನೇ ಎಳೆದು ಮುಚ್ಚಿಬಿಡುತ್ತದೆ.

ಅವಳು ನನ್ನನ್ನು ನೇರ ನಿಲ್ಲಿಸಿ, ತನ್ನ ಮೂಗು ನೋಡಲು ಹೇಳಿ, ಬೆರಳುಗಳನ್ನು ಬದಿಯಿಂದ ಮೆಲ್ಲಗೆ ತಂದಳು. ಎಡಗಡೆ ಬೇಗ ಕಂಡವು. ಬಲಗಡೆ ಅವಳ ಕಿವಿಯ ಹತ್ತಿರ ಬರುವವರೆಗೂ ಬೆರಳೇ ಇರಲಿಲ್ಲ. ಇನ್ನೊಮ್ಮೆ ಮಾಡಿದಳು. ಮೂಲೆಯಲ್ಲಿ ಕೋಟು ಹೊದ್ದು ಕೂತಿದ್ದ ಕಾವಲಿನ ಮುದುಕಿ, ಚಿತ್ರದ ಸೊಬಗಿಗೆ ನನಗೆ ತಲೆಸುತ್ತು ಬಂದಿದೆ ಎಂದುಕೊಂಡಳೋ ಏನೋ, ಕುರ್ಚಿ ತಂದಿಟ್ಟು ಬೆನ್ನು ತಟ್ಟಿ ಹೋದಳು. ಯೇಸುವಿನ ಎದುರು ಕೂತೆ. ಪ್ರಾರ್ಥನೆ ಬರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ನೆನಪಾಯಿತು, ಆಮೇಲೆ ವೀಸಾ. ನಕ್ಷೆ ನೋಡಲಾಗದ ಎಸ್ಟಿಮೇಟರನನ್ನು ಯಾವ ಕಂಪೆನಿ ಇಟ್ಟುಕೊಳ್ಳುತ್ತದೆ? ಕೆಲಸ ಹೋದರೆ ಬಹ್ರೇನೂ ಹೋದ ಹಾಗೆ.

ಬಹ್ರೇನಿಗೆ ಮರಳಿ ಏರ್‌ಪೋರ್ಟಿನ ಪಾರ್ಕಿಂಗಿಗೆ ಬಂದಾಗ ಅವಳು ಕೈ ಚಾಚಿದಳು. ಕೀಲಿ ಕೊಟ್ಟೆ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ ಬಿಟ್ಟು ಬೇರೆ ದಾರಿಯಲ್ಲಿ ಕಾರು ಓಡಿಸಿದವಳಲ್ಲ ಅವಳು. ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ಹಾರ್ನ್ ಹೊಡೆದವರಿಗೆಲ್ಲ ದಾರಿ ಬಿಟ್ಟು ಸನದ್ ತಲುಪಿಸಿದಳು. ನಾನು ಗೀರು ಬಿದ್ದ ಬದಿಯಲ್ಲಿ ಕೂತಿದ್ದೆ.

ಕಣ್ಣಿನ ಡಾಕ್ಟರಲ್ಲಿ ಒಂದು ಯಂತ್ರ. ಬಟ್ಟಲಿನಂಥ ಬಿಳಿ ಗೋಳದೊಳಗೆ ತಲೆ ಇಡಬೇಕು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಕಾಣದೆ ಹೋದೀತೆಂಬ ಭಯಕ್ಕೆ ನಾನು ಕಾಣದಾಗಲೂ ಒತ್ತಿದೆ. ಯಂತ್ರಕ್ಕೆ ಗೊತ್ತಾಯಿತು. ಅಲ್ಲಿನ ಹುಡುಗಿ, "ಅಂಕಲ್, ಇಲ್ಲಿ ಪಾಸ್ ಆಗಲಿಕ್ಕೆ ಇಲ್ಲ," ಎಂದು ಹಿಂದಿಯಲ್ಲಿ ಹೇಳಿ ಮೊದಲಿಂದ ಮಾಡಿಸಿದಳು.

ಗ್ಲಾಕೋಮಾ, ಸದ್ದಿಲ್ಲದೆ ಕಣ್ಣಿನ ನರ ತಿನ್ನುವ ರೋಗ. ಬಲಗಣ್ಣು ಬಹುಪಾಲು ಮುಗಿದಿದೆ, ಎಡಗಣ್ಣಿನಲ್ಲಿ ಮೂಗಿನ ಬದಿಯಿಂದ ಶುರುವಾಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. ಎಷ್ಟು ಕಾಲ ಎಂದು ಕೇಳಿದೆ. ಅವರು ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರು. ನಾನು ಏನೋ ಹೇಳುವುದರೊಳಗೆ ಅವಳು, "ಗೊತ್ತಾಗಲಿಲ್ಲ ಡಾಕ್ಟರ್," ಅಂದಳು, ಕಣ್ಣು ಅವಳದ್ದೇ ಎಂಬ ಹಾಗೆ.

ಆಫೀಸಿಗೆ ಇನ್ನೂ ತಿಳಿಸಿಲ್ಲ. ನಕ್ಷೆಯನ್ನು ಎಡಕ್ಕೆ ಸರಿಸಿಟ್ಟುಕೊಂಡು ನೋಡುತ್ತೇನೆ, ಎರಡೆರಡು ಸಲ. ಬೆಳಿಗ್ಗೆ ಅವಳೇ ಬಿಡುತ್ತಾಳೆ. ಸಂಜೆ ಸೋಫಾದ ಮೇಲೆ ಮಲಗಿಸಿ ಕಣ್ಣಿಗೆ ಹನಿ ಹಾಕುತ್ತಾಳೆ. ಆದರೆ ಆ ಮ್ಯೂಸಿಯಂನಿಂದ ಹೊರಬಿದ್ದ ಮೇಲೆ ಅವಳು ನನ್ನನ್ನು ಒಮ್ಮೆಯೂ ಹಂಗಿಸಿಲ್ಲ.

ಮೊನ್ನೆ ನನಗೆ ತಡೆಯಲಾಗಲಿಲ್ಲ. ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದವನು, "ಮೊಣಕಾಲು ಯಾಕೋ ನೋಯ್ತಿದೆ, ಮೂಳೆ ಕ್ಯಾನ್ಸರ್ ಇರಬಹುದಾ?" ಅಂದೆ. ಅಂಥ ಮಾತು ಕೇಳಿದರೆ ಮೊದಲೆಲ್ಲ ಅಡುಗೆಮನೆಯಿಂದಲೇ ಉತ್ತರ ಬಂದುಬಿಡುತ್ತಿತ್ತು.

ಅವಳು ಬಾಟಲಿಯ ಮುಚ್ಚಳ ಹಾಕುವುದು ಕೇಳಿಸಿತು. ಆಮೇಲೆ ನೆಲದ ಮೇಲೆ ಕೂತಳು.

"ಯಾವ ಕಾಲು?" ಅಂದಳು. "ತೋರಿಸಿ."